ಇನ್ಸುಲಿನ್ ಗಿಡದಲ್ಲಿ ಇನ್ಸುಲಿನ್ ಇಲ್ಲ

ಬಸವನಗುಡಿ, ಚಾಮರಾಜಪೇಟೆಯ ಹಳೇ ಮನೆಗಳ ಗೇಟಿನ ಪಕ್ಕ ತುಳಸಿ ಕುಂಡಕ್ಕೆ ಈಗ ಹೊಸ ನೆರೆಹೊರೆ ಬಂದಿದೆ. ಕಾಂಡದ ಸುತ್ತ ಸುರುಳಿಯಾಗಿ ಹತ್ತುವ ದಪ್ಪ ಎಲೆ, ಅದೃಷ್ಟವಿದ್ದರೆ ತುದಿಯಲ್ಲೊಂದು ಕಿತ್ತಳೆ ಬಣ್ಣದ ಹೂವು. ಹೆಸರು ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ: ಇನ್ಸುಲಿನ್ ಗಿಡ. ನಮ್ಮ ವಠಾರದ ಓನರ್ ಆಂಟಿ ಅದಕ್ಕೊಂದು ರಟ್ಟಿನ ಬೋರ್ಡ್ ನೇತುಹಾಕಿದ್ದಾರೆ, 'ಒಬ್ಬರಿಗೆ ಒಂದೇ ಎಲೆ' ಅಂತ. ವಾಕಿಂಗ್ ಹೊರಟವರು, ಹಾಲು ತರಲು ಹೋದವರು ಎಲ್ಲರೂ ಕಿತ್ತು ಬಾಯಿಗೆ ಹಾಕಿಕೊಂಡು ಗಿಡ ಬರೀ ಕಡ್ಡಿಯಾಗಿತ್ತಂತೆ.

ಈ ಗಿಡದ ತವರು ಅಮೆರಿಕ ಖಂಡದ ಉಷ್ಣವಲಯ. ನಮ್ಮ ಶುಂಠಿಗೆ ದೂರದ ಸಂಬಂಧಿ. ಹಾಗಾಗಿ ಚರಕ, ಸುಶ್ರುತರು ಇದನ್ನು ಕಂಡಿರಲು ಸಾಧ್ಯವಿಲ್ಲ. ಇನ್ನು ಇನ್ಸುಲಿನ್ ಅಂದರೆ ನಮ್ಮ ಮೇದೋಜ್ಜೀರಕ ಗ್ರಂಥಿ ತಯಾರಿಸುವ ಪ್ರೋಟೀನ್. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ ಮೊದಲ ಬಾರಿಗೆ ರೋಗಿಯೊಬ್ಬನಿಗೆ ಅದನ್ನು ಚುಚ್ಚಿದರು. ನೂರು ವರ್ಷ ಕಳೆದರೂ ಅದನ್ನು ಚುಚ್ಚಿಸಿಕೊಳ್ಳುತ್ತಲೇ ಇದ್ದೇವೆ, ಯಾಕೆಂದರೆ ನುಂಗಿದರೆ ಹೊಟ್ಟೆ ಅದನ್ನು ತೊಗರಿಬೇಳೆಯ ಪ್ರೋಟೀನಿನಂತೆಯೇ ಅರಗಿಸಿಬಿಡುತ್ತದೆ. ಎಲೆಯಲ್ಲಿ ಇನ್ಸುಲಿನ್ ಇಲ್ಲ. ಇದ್ದಿದ್ದರೂ ಅಗಿದು ನುಂಗಿದವರಿಗೆ ದಕ್ಕುತ್ತಿರಲಿಲ್ಲ. ಇಲಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ ಈ ಎಲೆ ಸಕ್ಕರೆ ಇಳಿಸಿದ್ದು ನಿಜ. ಆದರೆ ಇಲಿಯಿಂದ ಮನುಷ್ಯನವರೆಗಿನ ದಾರಿ, ಸಂಜೆ ಆರು ಗಂಟೆಗೆ ಗಾಂಧಿ ಬಜಾರ್‌ನಿಂದ ಮಲ್ಲೇಶ್ವರಕ್ಕೆ ಹೊರಟ ಹಾಗೆ. ಹೊರಟವರೆಲ್ಲ ಹೊತ್ತಿಗೆ ಸರಿಯಾಗಿ ತಲುಪುವುದಿಲ್ಲ.

ನಾನು ಬಿ.ಫಾರ್ಮ ಕೊನೇ ವರ್ಷದ ವಿದ್ಯಾರ್ಥಿನಿ. ಸಂಜೆ ಹೊತ್ತು ಬಸವನಗುಡಿಯ ಒಂದು ಮೆಡಿಕಲ್ ಶಾಪ್‌ನಲ್ಲಿ ಪಾರ್ಟ್‌ಟೈಮ್ ಕೆಲಸ. ಗಿಡಮೂಲಿಕೆಗಳ ಪಾಠ ಮಾಡುವ ಮೇಡಂ ನಮಗೆ ಕೊಟ್ಟ ಪ್ರಾಜೆಕ್ಟ್ ಸರಳವಾಗಿತ್ತು: 'ನಿಮ್ಮ ಏರಿಯಾದಲ್ಲಿ ಶುಗರ್‌ಗೆ ಅಂತ ಏನೇನು ಮಾರ್ತಾರೆ, ಬರ್ಕೊಂಡು ಬನ್ನಿ. ಆಮೇಲೆ ಅದರ ಬಗ್ಗೆ ಏನು ಅಧ್ಯಯನ ಆಗಿದೆ ಹುಡುಕಿ.' ನಾನು ಮತ್ತು ಗೆಳತಿ ಮೂರು ಭಾನುವಾರ ನೋಟ್‌ಬುಕ್ ಹಿಡಿದು ಸುತ್ತಿದೆವು. ಲಾಲ್‌ಬಾಗ್ ಪಶ್ಚಿಮ ದ್ವಾರದ ಆಸುಪಾಸಿನ ಜ್ಯೂಸ್ ಗಾಡಿಗಳು, ಗಾಂಧಿ ಬಜಾರ್‌ನ ಗ್ರಂಧಿಗೆ ಅಂಗಡಿ, ಚಾಮರಾಜಪೇಟೆಯ ಸಂದಿಗಳು, ಮಲ್ಲೇಶ್ವರದ ಎಂಟನೇ ಕ್ರಾಸ್. (ಮಲ್ಲೇಶ್ವರದ ಮಾರ್ಗೋಸಾ ರೋಡ್‌ನಲ್ಲಿ ದಿನಾ ಓಡಾಡುವ ಎಷ್ಟು ಜನರಿಗೆ ಮಾರ್ಗೋಸಾ ಅಂದರೆ ಬೇವು ಅಂತ ಗೊತ್ತೋ! ಬೇವಿನ ರಸ್ತೆಯಲ್ಲಿ ನಿಂತು ಬೇವಿನ ಪುಡಿ ಎಲ್ಲಿ ಸಿಗುತ್ತದೆ ಅಂತ ನಾವು ವಿಳಾಸ ಕೇಳಿದ್ದೆವು.)

ನೋಟ್‌ಬುಕ್‌ನಲ್ಲಿ ಮೊದಲು ಬಂದದ್ದು ಮಧುನಾಶಿನಿ. ಹೆಸರಿನಲ್ಲೇ ಜಾಹೀರಾತು ಇರುವ ಬಳ್ಳಿ, ಹಿಂದಿಯಲ್ಲಿ ಗುಡ್‌ಮಾರ್. ಇದರ ಹಸಿ ಎಲೆ ಸಿಕ್ಕಿದರೆ ಒಮ್ಮೆ ಪ್ರಯೋಗ ಮಾಡಿ ನೋಡಿ. ನಾವು ಕ್ಯಾಂಟೀನ್‌ನಲ್ಲಿ ಮಾಡಿದೆವು. ಎರಡು ಎಲೆ ಚೆನ್ನಾಗಿ ಅಗಿದು, ನಾಲಿಗೆಯ ಮೇಲೆಲ್ಲ ಆಡಿಸಿ ಉಗಿದು, ಬಾಯಿ ಮುಕ್ಕಳಿಸಿ, ಆಮೇಲೆ ಒಂದು ಚಮಚ ಸಕ್ಕರೆ ಬಾಯಿಗೆ. ಮರಳು! ಅಕ್ಷರಶಃ ಮರಳು ತಿಂದ ಹಾಗೆ. ಜಿಲೇಬಿ ತಂದ ಗೆಳತಿಗೆ ಎಣ್ಣೆಯಲ್ಲಿ ನೆನೆದ ರಬ್ಬರ್ ತಿಂದ ಅನುಭವ. ಕಾಫಿ ಬರೀ ಡಿಕಾಕ್ಷನ್. ಅರ್ಧ ಗಂಟೆ ಕಳೆದ ಮೇಲೆ ನಾಲಿಗೆ ನಿಧಾನಕ್ಕೆ ಮನೆಗೆ ಮರಳಿತು. 1887ರಲ್ಲಿ ಊಟಿಯಲ್ಲಿ ಸರ್ಕಾರಿ ಕ್ವಿನೈನ್ ತಜ್ಞನಾಗಿದ್ದ ಡೇವಿಡ್ ಹೂಪರ್ ಈ ಎಲೆಯನ್ನು ಪರೀಕ್ಷಿಸಿ, ಅದರೊಳಗಿನ ಸತ್ವಕ್ಕೆ ಜಿಮ್ನೆಮಿಕ್ ಆಮ್ಲ ಎಂದು ಹೆಸರಿಟ್ಟ. ನಾಲಿಗೆಯಲ್ಲಿ ಸಿಹಿ ಗುರುತಿಸುವ ಗ್ರಾಹಕಗಳನ್ನು ಅದು ಸ್ವಲ್ಪ ಹೊತ್ತು ಮುಚ್ಚಿಬಿಡುತ್ತದೆ, ಅಷ್ಟೇ. ಸಕ್ಕರೆ ಎಲ್ಲಿಗೂ ಹೋಗಿರುವುದಿಲ್ಲ. ಮರಳಿನಂತೆ ಕಂಡ ಆ ಚಮಚ ಸಕ್ಕರೆ ಹೊಟ್ಟೆಗೆ ಇಳಿದು, ರಕ್ತಕ್ಕೆ ಸೇರಿ, ತನ್ನ ಕೆಲಸ ತಾನು ಮಾಡಿಯೇ ಮಾಡಿತು.

ಹಾಗಾದರೆ ಮಧುನಾಶಿನಿ ಬರೀ ನಾಲಿಗೆಯ ಜಾದೂವೇ? ಅಲ್ಲ. 1990ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಸಂಶೋಧಕರು, ಮೊದಲೇ ಮಾತ್ರೆ ತೆಗೆದುಕೊಳ್ಳುತ್ತಿದ್ದ 22 ಮಂದಿ ಟೈಪ್ 2 ಮಧುಮೇಹಿಗಳಿಗೆ ಎಲೆಯ ಸಾರವನ್ನು ದಿನಕ್ಕೆ 400 ಮಿಲಿಗ್ರಾಂನಂತೆ 18ರಿಂದ 20 ತಿಂಗಳು ಕೊಟ್ಟ ಅಧ್ಯಯನ ಪ್ರಕಟವಾಯಿತು. ಸಕ್ಕರೆ ಇಳಿಯಿತು, ಹಲವರ ಮಾತ್ರೆಯ ಪ್ರಮಾಣ ಕಡಿಮೆಯಾಯಿತು, ಐವರು ಮಾತ್ರೆಯನ್ನೇ ಬಿಡುವಂತಾಯಿತು. ಕೇಳಲು ಖುಷಿಯಾಗುತ್ತದೆ. ಆದರೆ 22 ಮಂದಿ ಅಂದರೆ ಒಂದು ಬಿಎಂಟಿಸಿ ಬಸ್ಸಿನ ಅರ್ಧ ಸೀಟೂ ತುಂಬುವುದು ಕಷ್ಟ. ಯಾರಿಗೆ ಸಾರ, ಯಾರಿಗೆ ಬರೀ ಹುಸಿ ಮಾತ್ರೆ ಎಂದು ಚೀಟಿ ಎತ್ತಿ ಹಂಚಿದ ಅಧ್ಯಯನವೂ ಅದಲ್ಲ. ಇನ್ನೊಂದು ಮಾತು, ಅವರಿಗೆ ಕೊಟ್ಟಿದ್ದು ಅಳತೆ ಮಾಡಿದ ಸಾರ. ಅಂಗಡಿಯಲ್ಲಿ ಚಮಚದ ಲೆಕ್ಕದಲ್ಲಿ ಕೊಡುವ ಒಣ ಎಲೆಯ ಪುಡಿಯಲ್ಲ.

ಅಳತೆಯ ಈ ವಿಷಯವೇ ನಮ್ಮ ಪ್ರಾಜೆಕ್ಟ್‌ನ ಉದ್ದಕ್ಕೂ ಕಾಲಿಗೆ ತೊಡರಿಕೊಂಡಿತು. ಮೆಂತ್ಯವನ್ನೇ ತೆಗೆದುಕೊಳ್ಳಿ. ರಾತ್ರಿ ಒಂದು ಚಮಚ ನೆನೆಸಿ ಬೆಳಗ್ಗೆ ನುಂಗುವವರು ನಮ್ಮ ರಸ್ತೆಯಲ್ಲೇ ಹತ್ತು ಜನ ಸಿಗುತ್ತಾರೆ. ಮೆಂತ್ಯದ ಬಗ್ಗೆ ಮೊದಮೊದಲು ಗಟ್ಟಿಯಾಗಿ ಅಧ್ಯಯನ ಮಾಡಿದವರು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು. 1990ರ ಅವರ ಒಂದು ಅಧ್ಯಯನದಲ್ಲಿ ರೋಗಿಗಳಿಗೆ ಕೊಟ್ಟ ಮೆಂತ್ಯ ಎಷ್ಟು ಗೊತ್ತೇ? ಕೊಬ್ಬು ತೆಗೆದ ಪುಡಿ, ದಿನಕ್ಕೆ 100 ಗ್ರಾಂ, ಎರಡು ಹೊತ್ತಿಗೆ ಹಂಚಿ! ಮೆಂತ್ಯದ ನಾರು ನೀರು ಕುಡಿದು ಲೋಳೆಯಾಗಿ, ಊಟದ ಸಕ್ಕರೆ ರಕ್ತಕ್ಕೆ ಸೇರುವುದನ್ನು ನಿಧಾನ ಮಾಡುತ್ತದೆ. ಗುಣ ಇರುವುದು ನಿಜ. ಆದರೆ ಒಂದು ಚಮಚ ಅಂದರೆ ನಾಲ್ಕೈದು ಗ್ರಾಂ. ಅಲ್ಲಿ ಬಂದ ಫಲಿತಾಂಶವನ್ನು ಇಲ್ಲಿನ ಚಮಚಕ್ಕೆ ನಿರೀಕ್ಷಿಸಿದರೆ ಹೇಗೆ? ಹಾಗಂತ ಬಿಡಬೇಕಿಲ್ಲ. ಅಡುಗೆಮನೆಯ ಪದಾರ್ಥ, ಹೊಟ್ಟೆಗೂ ಒಳ್ಳೆಯದು.

ಹಾಗಲಕಾಯಿ ಜ್ಯೂಸ್‌ನದ್ದು ಇನ್ನೂ ಚಿಕ್ಕ ಕಥೆ. ಅಧ್ಯಯನಗಳನ್ನು ಆರಿಸಿ ತೂಗಿನೋಡುವ ಕಾಕ್ರೇನ್ ಸಂಸ್ಥೆ 2012ರಲ್ಲಿ ಹಾಗಲದ ಲೆಕ್ಕ ಹಾಕಿತು. ಜರಡಿ ಹಿಡಿದಾಗ ಉಳಿದದ್ದು ನಾಲ್ಕು ಅಧ್ಯಯನ, 479 ಮಂದಿ. ಶಿಫಾರಸು ಮಾಡುವಷ್ಟು ಪುರಾವೆ ಇಲ್ಲ ಎಂದು ಹೇಳಿ ಮುಗಿಸಿದರು. ಗೊಜ್ಜು ಮಾಡಿ ತಿನ್ನುವುದಕ್ಕೆ ಯಾರ ಪುರಾವೆಯೂ ಬೇಡ, ಬೆಲ್ಲ ಸ್ವಲ್ಪ ಕಡಿಮೆ ಹಾಕಿದರಾಯಿತು.

ಹೊನ್ನೆ ಮರದ ಲೋಟ ಮಾತ್ರ ನನ್ನನ್ನು ಬೆರಗುಗೊಳಿಸಿತು. ಗ್ರಂಧಿಗೆ ಅಂಗಡಿಯಲ್ಲಿ ಸಾಲಾಗಿ ಜೋಡಿಸಿಟ್ಟಿರುತ್ತಾರೆ. ರಾತ್ರಿ ನೀರು ತುಂಬಿಸಿಟ್ಟರೆ ಬೆಳಗ್ಗೆ ಚಹಾದ ಬಣ್ಣ. ನಮ್ಮ ಪಶ್ಚಿಮ ಘಟ್ಟದ ಕಾಡುಗಳಲ್ಲಿ ಬೆಳೆಯುವ ಮರ, ಆಯುರ್ವೇದದಲ್ಲಿ ಇದಕ್ಕೆ ಅಸನ, ವಿಜಯಸಾರ ಎಂಬ ಹೆಸರುಗಳಿವೆ. ಈ ಮರದ ಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೇ ನಾಲ್ಕು ಕೇಂದ್ರಗಳಲ್ಲಿ ಅಧ್ಯಯನ ನಡೆಸಿ 1998ರಲ್ಲಿ ಪ್ರಕಟಿಸಿತು. ಕಾಯಿಲೆ ಹೊಸದಾಗಿ ಪತ್ತೆಯಾದ, ತೀವ್ರವಲ್ಲದ 97 ಮಂದಿ. 12 ವಾರಗಳಲ್ಲಿ 67 ಮಂದಿಯ ಸಕ್ಕರೆ ಹತೋಟಿಗೆ ಬಂತು. ಇಲ್ಲಿಯೂ ಕೊಟ್ಟಿದ್ದು ಅಳತೆಯ ಸಾರವೇ, ದಿನಕ್ಕೆ 2 ಗ್ರಾಂನಿಂದ 4 ಗ್ರಾಂವರೆಗೆ, ರಕ್ತ ನೋಡಿಕೊಂಡು. ಲೋಟದ ನೀರಿಗೆ ಎಷ್ಟು ಸಾರ ಇಳಿಯುತ್ತದೆ? ಮೊದಲ ವಾರ ಇಳಿದಷ್ಟೇ ಮೂರನೇ ತಿಂಗಳೂ ಇಳಿಯುತ್ತದೆಯೇ? ಲೋಟ ನಿಜಕ್ಕೂ ಹೊನ್ನೆಯದ್ದೇ?

ಇದನ್ನೇ ಗ್ರಂಧಿಗೆ ಅಂಗಡಿಯ ಯಜಮಾನರನ್ನು ಕೇಳಿದೆ. ಅರವತ್ತು ದಾಟಿದವರು. ಬೇಸರ ಮಾಡಿಕೊಳ್ಳಲಿಲ್ಲ. 'ನೋಡಮ್ಮ, ನಮ್ಮ ತಾತನ ಕಾಲದಿಂದ ಇದನ್ನ ಮಾರ್ತಾ ಇದೀವಿ. ಒಳ್ಳೇದು ಅಂತ ಹೇಳ್ತೀನಿ. ವಾಸಿ ಆಗುತ್ತೆ ಅಂತ ಯಾವತ್ತೂ ಹೇಳಲ್ಲ,' ಅಂದರು. 'ನಿಮಗೆ ಶುಗರ್ ಇದೆಯಾ ಅಂಕಲ್?' ಅಂದೆ. ನಗುತ್ತಾ ಗಲ್ಲಾಪೆಟ್ಟಿಗೆಯ ಡ್ರಾಯರ್ ಎಳೆದು ಒಂದು ಸ್ಟ್ರಿಪ್ ತೋರಿಸಿದರು. ಮೆಟ್‌ಫಾರ್ಮಿನ್, 500 ಮಿಲಿಗ್ರಾಂ.

ಮೆಟ್‌ಫಾರ್ಮಿನ್‌ಗೂ ಒಂದು ಸಸ್ಯಮೂಲ ಇದೆ ಅಂದರೆ ಅವರು ನಂಬಲಿಲ್ಲ. ಯುರೋಪಿನಲ್ಲಿ ಗಲೇಗಾ ಎಂಬ ನೇರಳೆ ಹೂವಿನ ಗಿಡವೊಂದಿದೆ. ಅಲ್ಲಿಯ ನಾಟಿ ವೈದ್ಯದಲ್ಲಿ ಅದನ್ನು ಬಳಸುತ್ತಿದ್ದರು. ಹೊಟ್ಟೆ ತುಂಬ ಮೇಯ್ದ ಕುರಿಗಳು ಸಾಯುವಷ್ಟು ವಿಷವೂ ಹೌದು. ಅದರೊಳಗಿನ ಸಕ್ಕರೆ ಇಳಿಸುವ ವಸ್ತು ಮನುಷ್ಯರಿಗೆ ಕೊಡಲಾಗದಷ್ಟು ಖಾರ. ರಸಾಯನಶಾಸ್ತ್ರಜ್ಞರು ಅದೇ ಕುಟುಂಬದ ಸೌಮ್ಯ ಅಣುಗಳನ್ನು ಹುಡುಕಿದರು. 1922ರಲ್ಲಿ ಡಬ್ಲಿನ್‌ನಲ್ಲಿ ಮೆಟ್‌ಫಾರ್ಮಿನ್ ತಯಾರಾಯಿತು, ಯಾರೂ ಕಣ್ಣೆತ್ತಿ ನೋಡಲಿಲ್ಲ. 1957ರಲ್ಲಿ ಫ್ರಾನ್ಸಿನ ವೈದ್ಯ ಜಾನ್ ಸ್ಟರ್ನ್ ಮಧುಮೇಹಿಗಳಿಗೆ ಕೊಟ್ಟು ಫಲಿತಾಂಶ ಪ್ರಕಟಿಸಿದರು. ಅಮೆರಿಕ ಒಪ್ಪಿಗೆ ಕೊಟ್ಟಿದ್ದು 1994ರಲ್ಲಿ. ಈಗ ನಾನು ಸಂಜೆ ಕೌಂಟರ್‌ನಲ್ಲಿ ನಿಂತು ಅತಿ ಹೆಚ್ಚು ಎಣಿಸಿ ಕೊಡುವ ಮಾತ್ರೆ ಇದೇ. 'ಗಿಡಮೂಲಿಕೆ ಬೇರೆ, ಇಂಗ್ಲಿಷ್ ಔಷಧಿ ಬೇರೆ' ಎಂದು ಜಗಳವಾಡುವವರು ಗಮನಿಸಬೇಕಾದ್ದು ಈ ಎಪ್ಪತ್ತು ವರ್ಷಗಳ ನಡಿಗೆಯನ್ನು. ಗಲೇಗಾ ದಾಟಿ ಬಂದ ದಾರಿಯಲ್ಲಿ ನಮ್ಮ ಮಧುನಾಶಿನಿ, ಹೊನ್ನೆ ಇನ್ನೂ ಅರ್ಧದಲ್ಲಿ ನಿಂತಿವೆ. ಅವುಗಳ ಮೇಲೆ ದೊಡ್ಡ ಅಧ್ಯಯನ ಮಾಡಲು ಯಾಕೆ ಹೆಚ್ಚು ಜನ ಮುಂದೆ ಬರುವುದಿಲ್ಲ ಎನ್ನುವುದು ನನ್ನಂಥವರ ಹೊಟ್ಟೆಯುರಿ. ಎಂ.ಫಾರ್ಮಕ್ಕೆ ವಿಷಯ ಹುಡುಕುತ್ತಿರುವವರು ಯೋಚಿಸಿ.

ಇಷ್ಟೆಲ್ಲ ಲೆಕ್ಕ ನನಗೆ ಬರೀ ಮಾರ್ಕ್ಸ್‌ನ ವಿಷಯವಾಗಿ ಉಳಿಯದಿರಲು ಕಾರಣ ಮಲ್ಲೇಶ್ವರದಲ್ಲಿರುವ ನಮ್ಮ ದೊಡ್ಡಪ್ಪ. ಬ್ಯಾಂಕಿನಿಂದ ನಿವೃತ್ತರು. ಏಳು ವರ್ಷದಿಂದ ಶುಗರ್, ಎರಡು ಬಗೆಯ ಮಾತ್ರೆ, ಹೆಚ್ಚುಕಡಿಮೆ ಹತೋಟಿಯಲ್ಲಿತ್ತು. ಹೋದ ವರ್ಷ ಯಾವುದೋ ಮೇಳದ ಸ್ಟಾಲ್‌ನಲ್ಲಿ ಒಬ್ಬ '90 ದಿನದ ಕೋರ್ಸ್' ಅಂತ ಪುಡಿ ಕೊಟ್ಟ. ಒಂದೇ ಷರತ್ತು: ಇಂಗ್ಲಿಷ್ ಮಾತ್ರೆ ನಿಲ್ಲಿಸಬೇಕು, ಇಲ್ಲದಿದ್ದರೆ ಪುಡಿ ಕೆಲಸ ಮಾಡುವುದಿಲ್ಲ. ಜೊತೆಗೊಂದು ಪಥ್ಯದ ಚೀಟಿ. ಸಿಹಿ ಬೇಡ, ರಾತ್ರಿ ಅನ್ನ ಬೇಡ, ಬೆಳಗ್ಗೆ ಒಂದು ಗಂಟೆ ನಡಿಗೆ. ಮೊದಲ ಮೂರು ವಾರ ದೊಡ್ಡಪ್ಪ ಸ್ಯಾಂಕಿ ಕೆರೆಯ ಸುತ್ತ ನಡೆದರು, ಅನ್ನ ಬಿಟ್ಟರು, ಮೀಟರ್‌ನಲ್ಲಿ ಅಂಕಿ ಚೆನ್ನಾಗಿಯೇ ಬಂತು. ಹೆಸರು ಪುಡಿಗೆ ಹೋಯಿತು. ಆಮೇಲೆ ಪಥ್ಯ ಸಡಿಲವಾಯಿತು. ಸ್ಟ್ರಿಪ್ ದುಬಾರಿ ಎಂದು ಮನೆಯಲ್ಲಿ ಪರೀಕ್ಷೆಯೂ ನಿಂತಿತು, 'ಪುಡಿ ತಗೋತಾ ಇದೀನಲ್ಲ' ಎಂಬ ಧೈರ್ಯ.

ನಾಲ್ಕನೇ ತಿಂಗಳು, ಬೇಸಿಗೆ. ಕಾಡು ಮಲ್ಲೇಶ್ವರ ದೇವಸ್ಥಾನದಲ್ಲಿ ಮಧ್ಯಾಹ್ನ ಬರಿಗಾಲಲ್ಲಿ ಪ್ರದಕ್ಷಿಣೆ ಹಾಕಿದ್ದಾರೆ. ಕಾದ ಕಲ್ಲಿಗೆ ಪಾದ ಬೊಬ್ಬೆ ಎದ್ದಿದೆ. ಅವರಿಗೆ ನೋವೇ ಆಗಿಲ್ಲ. ಎರಡು ದಿನ ಕಳೆದ ಮೇಲೆ ಹಾಸಿಗೆಯ ಮೇಲೆ ಕಲೆ ನೋಡಿ ದೊಡ್ಡಮ್ಮ ಕಿರುಚಿಕೊಂಡಾಗಲೇ ಗೊತ್ತಾಗಿದ್ದು. ವರ್ಷಗಳ ಶುಗರ್ ಪಾದದ ನರಗಳನ್ನು ಮೊದಲೇ ಮಂಕಾಗಿಸಿತ್ತು, ಮಾತ್ರೆಯಿಲ್ಲದ ನಾಲ್ಕು ತಿಂಗಳು ಗಾಯ ಮಾಯದಂತೆ ಮಾಡಿತು. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 11.2 ಬಂದಿತ್ತು. ಏಳರ ಆಸುಪಾಸು ಇರಬೇಕಾದದ್ದು. 12 ದಿನ ಆಸ್ಪತ್ರೆ. ಎಡಗಾಲಿನ ಕಿರುಬೆರಳು ಹೋಯಿತು.

'ಪುಡಿ ತುಂಬಾ ಕಹಿ ಇತ್ತು ಪುಟ್ಟಿ. ಕಹಿ ಇದ್ರೆ ಸಕ್ಕರೆ ಇಳಿಯುತ್ತೆ ಅಂತಲೇ ಅಲ್ವೇನೇ ನಾವೆಲ್ಲ ಕೇಳ್ಕೊಂಡು ಬೆಳೆದಿದ್ದು?' ಅಂದರು ದೊಡ್ಡಪ್ಪ. ನನ್ನ ಬಳಿ ಉತ್ತರವಿರಲಿಲ್ಲ. ಸಿಹಿಗೆ ಎದುರು ಕಹಿ ಎನ್ನುವುದು ನಾಲಿಗೆಯ ಲೆಕ್ಕ. ರಕ್ತಕ್ಕೆ ಆ ಲೆಕ್ಕ ಗೊತ್ತಿಲ್ಲ.

ಆ ಸ್ಟಾಲ್‌ನವನು ಆಯುರ್ವೇದದ ಹೆಸರು ಹೇಳಿಕೊಂಡಿದ್ದ. ಆದರೆ ಆಯುರ್ವೇದ ಇಷ್ಟು ಸಲೀಸಾಗಿ ಮಾತು ಕೊಡುವುದಿಲ್ಲ. ಚರಕ ಸಂಹಿತೆ ಇಪ್ಪತ್ತು ಬಗೆಯ ಪ್ರಮೇಹಗಳನ್ನು ಹೇಳಿ, ಮಧುಮೇಹ ಸೇರುವ ವಾತದ ಗುಂಪನ್ನು ಅಸಾಧ್ಯ, ಅಂದರೆ ವಾಸಿಯಾಗದ್ದು ಎಂದೇ ಇಡುತ್ತದೆ. ಸುಶ್ರುತನಂತೂ ಹಣವಿಲ್ಲದ ಪ್ರಮೇಹಿಗೆ ನೂರು ಯೋಜನ ನಡೆ, ಇಲ್ಲವೇ ಬಾವಿ ತೋಡು ಎನ್ನುತ್ತಾನೆ. ಇವತ್ತಿನ ಡಾಕ್ಟರು ಹೇಳುವ ವ್ಯಾಯಾಮವೇ. ಚಪ್ಪಲಿ ಇಲ್ಲದೆ ನಡೆ ಎಂಬ ಅವನ ಮಾತೊಂದನ್ನು ಮಾತ್ರ ದಯವಿಟ್ಟು ಪಾಲಿಸಬೇಡಿ. ಶುಗರ್ ಇರುವವರು ಮನೆಯೊಳಗೂ ಚಪ್ಪಲಿ ಹಾಕಬೇಕು, ರಾತ್ರಿ ಪಾದ ನೋಡಿಕೊಳ್ಳಬೇಕು. ಅವರಿಗೆ ಬಗ್ಗಲು ಆಗದಿದ್ದರೆ ಮೊಬೈಲ್ ಟಾರ್ಚ್ ಹಿಡಿದು ನೋಡುವ ಕೆಲಸ ನಮ್ಮದು.

ತದ್ವಿರುದ್ಧದ ಅಪಾಯವೂ ಇದೆ. ಮಾತ್ರೆಯನ್ನೂ ನುಂಗಿ, ಹಾಗಲ ಜ್ಯೂಸನ್ನೂ ಕುಡಿದು, ಮಧುನಾಶಿನಿ ಪುಡಿಯನ್ನೂ ಹಾಕಿಕೊಂಡು, ತಿಂಡಿ ತಪ್ಪಿಸಿದರೆ ಸಕ್ಕರೆ ಪಾತಾಳಕ್ಕೆ ಇಳಿಯಬಹುದು. ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇದರ ಭಯ ಹೆಚ್ಚು. ಬೆವರು, ನಡುಕ, ಕಣ್ಣು ಕತ್ತಲೆ ಬಂದರೆ ತಕ್ಷಣ ಮೂರು ಚಮಚ ಸಕ್ಕರೆ ನೀರಿನಲ್ಲಿ ಕರಗಿಸಿ ಕುಡಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಓಡಿ. ಕೆಲವು 'ಗಿಡಮೂಲಿಕೆ' ಪುಡಿಗಳು ಎರಡೇ ದಿನಕ್ಕೆ ಪವಾಡ ತೋರಿಸುತ್ತವಲ್ಲ, ಅಲ್ಲಿ ಅನುಮಾನ ಪಡಬೇಕು. ಅಂಥ ಸರಕಿನಲ್ಲಿ ಗ್ಲಿಬೆನ್‌ಕ್ಲಮೈಡ್‌ನಂಥ ಅಲೋಪಥಿ ಮಾತ್ರೆಯನ್ನೇ ಅರೆದು ಬೆರೆಸಿದ್ದನ್ನು ಹೊರದೇಶಗಳ ಔಷಧ ನಿಯಂತ್ರಕರು ಹಲವು ಸಲ ಪತ್ತೆ ಹಚ್ಚಿದ್ದಾರೆ.

ಅಮೃತಬಳ್ಳಿಯ ವಿಷಯಕ್ಕೆ ಬಂದರೆ ನಮ್ಮ ವಠಾರದಲ್ಲಿ ಜಗಳವೇ ಆಗುತ್ತದೆ. ಕೋವಿಡ್ ಕಾಲದಲ್ಲಿ ಎಲ್ಲರೂ ಕಷಾಯ ಕುಡಿದವರೇ. 2021ರಲ್ಲಿ ಮುಂಬೈ ವೈದ್ಯರು ಇದನ್ನು ಸೇವಿಸಿ ಲಿವರ್ ಕೆಟ್ಟ ಆರು ರೋಗಿಗಳ ಬಗ್ಗೆ ಬರೆದರು. ಮರುವರ್ಷ ದೇಶದ ಹಲವು ಆಸ್ಪತ್ರೆಗಳು ಸೇರಿ 43 ಪ್ರಕರಣ ವರದಿ ಮಾಡಿದವು. ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ. ನೋಡಲು ಹಾಗೇ ಕಾಣುವ ಬೇರೆ ಬಳ್ಳಿ ಇರಬಹುದು ಎಂದಿತು. ಇಬ್ಬರಲ್ಲಿ ಯಾರೇ ಸರಿಯಿದ್ದರೂ ನಮಗೆ ಉಳಿಯುವ ಪ್ರಶ್ನೆ ಒಂದೇ: ಬೇಲಿಯಿಂದ ಕಿತ್ತು ತಂದದ್ದು ಯಾವ ಬಳ್ಳಿ ಅಂತ ಯಾರು ಹೇಳುತ್ತಾರೆ?

2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹ ಇದೆ, ಇನ್ನೂ 13.6 ಕೋಟಿ ಜನ ಅಂಚಿನಲ್ಲಿದ್ದಾರೆ. ಅಂದರೆ ಈ ಪುಟ ಓದುತ್ತಿರುವ ನಿಮ್ಮಲ್ಲಿ ಬಹಳ ಮಂದಿಯ ಮನೆಯಲ್ಲಿ ಒಬ್ಬರಾದರೂ ಇದ್ದಾರೆ. ಅವರ ಮೊಬೈಲಿಗೆ ಬರುವ 'ಶುಗರ್ ಮಾಯ' ವಿಡಿಯೊ ಮೊದಲು ತೋರಿಸುವುದೂ ನಿಮಗೇ. ಆಟೊ ಹಿಂದೆ, ಬಸ್ ಸ್ಟಾಪ್ ಗೋಡೆಯ ಮೇಲೆ 'ಶಾಶ್ವತ ಪರಿಹಾರ' ಎಂದು ಅಂಟಿಸುವುದು ಕಾನೂನುಬಾಹಿರ ಎನ್ನುವುದು ನಮ್ಮ ಸಿಲಬಸ್‌ನಲ್ಲಿ ಬರುವವರೆಗೆ ನನಗೂ ಗೊತ್ತಿರಲಿಲ್ಲ. 1954ರ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆಯಲ್ಲಿ, ಗುಣಪಡಿಸುತ್ತೇವೆಂದು ಜಾಹೀರಾತು ಕೊಡಬಾರದ ಕಾಯಿಲೆಗಳ ಪಟ್ಟಿಯಿದೆ. ಮಧುಮೇಹ ಅದರಲ್ಲಿದೆ.

ಈಗ ಕೌಂಟರ್‌ಗೆ ಯಾರಾದರೂ ಬಂದು 'ಮಧುನಾಶಿನಿ ಪುಡಿ ಇದೆಯೇನಮ್ಮ' ಅಂದರೆ ನಾನು ಇಲ್ಲ ಅನ್ನುವುದಿಲ್ಲ, ಬೈಯುವುದೂ ಇಲ್ಲ. ಬೈದರೆ ಅವರು ಪುಡಿ ಬಿಡುವುದಿಲ್ಲ, ನಮಗೆ ಹೇಳುವುದನ್ನು ಬಿಡುತ್ತಾರೆ. ಮಾತ್ರೆ ಯಾವುದು ತಗೋತೀರಿ, ಡಾಕ್ಟರಿಗೆ ಹೇಳಿದ್ದೀರಾ, ಕೊನೇ ಸಲ ರಕ್ತ ಪರೀಕ್ಷೆ ಯಾವಾಗ ಅಂತ ಕೇಳುತ್ತೇನೆ. ಪ್ಯಾಕೆಟ್ ತಿರುಗಿಸಿ ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ಒಳಗಿರುವ ಪದಾರ್ಥಗಳ ಪಟ್ಟಿ ತೋರಿಸುತ್ತೇನೆ. ಆಯುರ್ವೇದ ಔಷಧಕ್ಕೂ ಇವೆಲ್ಲ ಕಡ್ಡಾಯ.

ಔಷಧ ಯಾವುದೇ ಇರಲಿ, ತೆಗೆದುಕೊಂಡ ಮೇಲೆ ತೊಂದರೆಯಾದರೆ ವರದಿ ಮಾಡಲು ಡಾಕ್ಟರೇ ಆಗಬೇಕಿಲ್ಲ. ಕೇಂದ್ರ ಸರ್ಕಾರದ ಔಷಧ ಸುರಕ್ಷತಾ ಕಾರ್ಯಕ್ರಮದ ಉಚಿತ ಸಹಾಯವಾಣಿ 1800-180-3024. ಗಿಡಮೂಲಿಕೆ ಉತ್ಪನ್ನಗಳ ದೂರನ್ನೂ ತೆಗೆದುಕೊಳ್ಳುತ್ತಾರೆ. (ಇಂಥ ವರದಿಗಳನ್ನು ಓದಿ ವಿಂಗಡಿಸುವುದೇ ಫಾರ್ಮಕೊವಿಜಿಲೆನ್ಸ್ ಎಂಬ ಉದ್ಯೋಗ. ನಮ್ಮ ಸೀನಿಯರ್‌ಗಳು ಕೆಲವರು ಬೆಂಗಳೂರಿನಲ್ಲೇ ಆ ಕೆಲಸದಲ್ಲಿದ್ದಾರೆ. ಬಿ.ಫಾರ್ಮ, ಲೈಫ್ ಸೈನ್ಸ್ ಓದಿದವರು ಗಮನದಲ್ಲಿಟ್ಟುಕೊಳ್ಳಿ.) ದೊಡ್ಡಪ್ಪನ ಪರವಾಗಿ ನಾನು ಆ ಫಾರ್ಮ್ ತುಂಬಲು ಕೂತೆ. ರೋಗಿಯ ವಯಸ್ಸು, ತೆಗೆದುಕೊಂಡ ದಿನಗಳು, ಆದ ತೊಂದರೆ, ಎಲ್ಲ ಬರೆದೆ. ತಯಾರಕರು, ಬ್ಯಾಚ್ ನಂಬರ್ ಎಂಬ ಕಾಲಂ ಬಂತು. ದೊಡ್ಡಮ್ಮ ಒಳಗಿನಿಂದ ಪುಡಿಯ ಕವರ್ ತಂದುಕೊಟ್ಟರು. ಹಿಂದೆ ಮುಂದೆ ತಿರುಗಿಸಿ ನೋಡಿದೆ. ಒಂದು ಹಸಿರು ಎಲೆಯ ಚಿತ್ರ, ಕೆಳಗೊಂದು ಮೊಬೈಲ್ ನಂಬರ್. ಅದಕ್ಕೆ ಫೋನ್ ಮಾಡಿದರೆ ಸ್ವಿಚ್ ಆಫ್.